ಸಾದಾ ಗಾಜು

ಕನ್ನಡಕಮ್ಮನಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ತಪ್ಪೇನೂ ಮಾಡಿಲ್ಲ. ಗಂಡನದು ಕನ್ನಡಕದಂಗಡಿ. ಆಕೆ ದಿನವಿಡೀ ದುಡ್ಡಿನ ಗಲ್ಲೆಯ ಹಿಂದೆ ಕೂತು ಮೆತ್ತನೆಯ ಬಟ್ಟೆಯಲ್ಲಿ ಊರವರ ಕನ್ನಡಕ ಒರೆಸುತ್ತಿದ್ದಳು. ಅವಳ ಸ್ವಂತ ಮೂಗಿನ ಮೇಲಿನ ಕನ್ನಡಕವಂತೂ ಬೀದಿಯ ಜನಕ್ಕೆ ಅಭ್ಯಾಸವಾಗುವುದರೊಳಗೆ ಬದಲಾಗಿರುತ್ತಿತ್ತು. ಕಪ್ಪು ಫ್ರೇಮು ಹೋಗಿ ಕಂದು ಬಂತು, ಕಂದು ಹೋಗಿ ತಂತಿಯದು ಬಂತು, ತಂತಿಯದು ಹೋಗಿ ಫ್ರೇಮೇ ಇಲ್ಲದ್ದು ಬಂತು. ಇದನ್ನೆಲ್ಲ ಷೋಕಿ ಎಂದುಕೊಂಡು ಒಳಗೊಳಗೇ ಹೊಟ್ಟೆಕಿಚ್ಚುಪಟ್ಟ ಹೆಂಗಸರೂ ಇದ್ದರು. ಪಾಪ, ಅದು ಷೋಕಿಯಲ್ಲ, ಔಷಧಿ ಎಂದು ಅವರಿಗೇನು ಗೊತ್ತು.

ಕನ್ನಡಕಮ್ಮನಿಗೆ ತಲೆನೋವಿತ್ತು. ಇಂದು ನಿನ್ನೆಯದಲ್ಲ, ಲಂಗ ತೊಡುತ್ತಿದ್ದ ಕಾಲದ್ದು. ಎಡಹಣೆಯಲ್ಲಿ ಶುರುವಾಗಿ, ಬೆಳಕು ಕಂಡರಾಗದೆ, ಪಾತ್ರೆಯ ಸದ್ದು ಕೇಳಿದರಾಗದೆ, ಒಂದೆರಡು ಸಲ ವಾಂತಿ ಮಾಡಿಸಿ, ಮಾರನೆಯ ದಿನವೋ ಅದರ ಮಾರನೆಯ ದಿನವೋ ಹೇಳದೆ ಕೇಳದೆ ಎದ್ದು ಹೋಗುವ ತಲೆನೋವು. ಅವಳ ಅಮ್ಮನಿಗೂ ಇತ್ತು, ಚಿಕ್ಕಮ್ಮನಿಗೂ ಇತ್ತು. ತವರಿನಲ್ಲಿ ಅದನ್ನು ‘ದೊಡ್ಡಭಾವ’ ಎಂದು ಕರೆಯುತ್ತಿದ್ದರು. ಬಂದರೆ ಕಿಟಕಿ ಮುಚ್ಚಬೇಕು, ಮಕ್ಕಳ ಬಾಯಿ ಮುಚ್ಚಿಸಬೇಕು, ಹೊರಡುವವರೆಗೆ ಸೇವೆ ಮಾಡಬೇಕು, ಹೊರಟ ಮೇಲೆ ಮತ್ತೆ ಬರಬೇಡ ಎನ್ನುವ ಹಾಗಿಲ್ಲ.

ಯಜಮಾನರ ಸಿದ್ಧಾಂತ ಬೇರೆ. ಅವರ ಪ್ರಕಾರ ಲೋಕದ ತಲೆನೋವೆಲ್ಲ ಕಣ್ಣಿನಿಂದಲೇ ಬರುತ್ತದೆ. ಗಿರಾಕಿ ಓದುವಾಗ ತಲೆನೋವು ಎಂದರೆ ಕಣ್ಣು. ಓದದೇ ಇದ್ದಾಗ ಎಂದರೂ ಕಣ್ಣೇ, ಯಾಕೆಂದರೆ ಓದದೇ ಇದ್ದಾಗ ಕಣ್ಣು ಏನು ಮಾಡುತ್ತಿತ್ತು ಎಂದು ಯಾರಿಗೆ ಗೊತ್ತು. ಈ ಸಿದ್ಧಾಂತದ ಮೇಲೆ ಅಂಗಡಿ ಚೆನ್ನಾಗಿಯೇ ನಡೆದಿತ್ತು. ಹೀಗಾಗಿ ಹೆಂಡತಿಯ ತಲೆನೋವು ಜೋರಾದಾಗಲೆಲ್ಲ ಅವರು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ದೀಪ ಬಿಟ್ಟು, ಒಂದೊಂದೇ ಗಾಜು ಹಾಕಿ ತೆಗೆದು, ‘ಹೂಂ’ ಎಂದು ಗಂಟಲು ಸರಿಮಾಡಿಕೊಂಡು, ವಾರದೊಳಗೆ ಹೊಸ ಕನ್ನಡಕ ಮಾಡಿಕೊಡುತ್ತಿದ್ದರು. ಆಮೇಲೆ ಕೋಣೆಯ ಬಾಗಿಲಲ್ಲಿ ನಿಂತು, “ಹೋಯ್ತಾ?” ಎಂದು ಕೇಳುತ್ತಿದ್ದರು.

“ಹೋಯ್ತು ಕಣ್ರೀ,” ಎನ್ನುತ್ತಿದ್ದಳು ಕನ್ನಡಕಮ್ಮ.

ಹೋಗಿರುತ್ತಿರಲಿಲ್ಲ. ಆದರೆ ಆ ಮನುಷ್ಯ ಬಾಗಿಲಲ್ಲಿ ನಿಂತ ರೀತಿ ನೋಡಿದರೆ ಇಲ್ಲ ಎನ್ನಲು ಯಾರಿಗೂ ಮನಸ್ಸು ಬರುವಂತಿರಲಿಲ್ಲ. ಹೇಗೂ ನಾಳೆ ಹೋಗುವ ತಲೆನೋವನ್ನು ಇವತ್ತೇ ಹೋಯಿತು ಎಂದರೆ ಯಾರ ಗಂಟು ಹೋಗುತ್ತದೆ? ಸಂಸಾರ ಎಂದ ಮೇಲೆ ಇಂಥ ಸಣ್ಣಪುಟ್ಟ ಸುಳ್ಳು ಇಲ್ಲದೆ ಆಗುತ್ತದೆಯೆ?

ಅರವತ್ತು ದಾಟಿ ಕೆಲವು ವರ್ಷಗಳಾದ ಮೇಲೆ ದೊಡ್ಡಭಾವ ತಾನಾಗಿಯೇ ಬರುವುದು ಕಡಿಮೆ ಮಾಡಿದ. ಕನ್ನಡಕಮ್ಮ ನೆಮ್ಮದಿಯ ಉಸಿರು ಬಿಟ್ಟಳು. ಆಗ ಬಂತು ಇನ್ನೊಂದು.

ಇದು ಬಲಗಡೆ. ಕಿವಿಯ ಮೇಲೆ, ಕಣತಲೆಯಲ್ಲಿ, ಸರಿಯಾಗಿ ಕನ್ನಡಕದ ಕಡ್ಡಿ ಕೂರುವ ಜಾಗದಲ್ಲಿ. ಬೆಳಕಿಗೆ ಹೆದರಲಿಲ್ಲ, ವಾಂತಿ ಮಾಡಿಸಲಿಲ್ಲ, ಎರಡು ದಿನಕ್ಕೆ ಹೊರಡಲೂ ಇಲ್ಲ. ವಾರ ಕಳೆಯಿತು, ಮತ್ತೊಂದು ವಾರ ಕಳೆಯಿತು, ಅದು ಅಲ್ಲೇ ಬಿಡಾರ ಹೂಡಿತು. ತಲೆ ಬಾಚಲು ಹೋದರೆ ಬಾಚಣಿಗೆ ತಾಕಿದ ಕಡೆ ಚರ್ಮವೆಲ್ಲ ನೋವು. ಬೇರೆ ಯಾರಾದರೂ ಆಗಿದ್ದರೆ ಇದೇನಪ್ಪಾ ಹೊಸದು ಎಂದುಕೊಳ್ಳುತ್ತಿದ್ದರು. ಆದರೆ ಇದು ಕನ್ನಡಕದವರ ಮನೆ. ಯಜಮಾನರು ನೋವಿನ ಜಾಗವನ್ನು ಬೆರಳಿಟ್ಟು ನೋಡಿ, ಖುಷಿಯಾದರು.

“ಕಡ್ಡಿ ಬಿಗಿಯಾಗಿದೆ ಕಣೇ. ಅಷ್ಟೇ. ಇದಕ್ಕೆ ಯಾಕೆ ತಲೆ ಕೆಡಿಸ್ಕೋತೀಯ?”

ಕಡ್ಡಿಯನ್ನು ಬಿಸಿ ಮಾಡಿ ಬಾಗಿಸಿದರು. ನೋವು ಹೋಗಲಿಲ್ಲ. ಇನ್ನೊಂದಿಷ್ಟು ಬಾಗಿಸಿದರು. ಕನ್ನಡಕ ಮೂಗಿನಿಂದ ಜಾರಿ ಗಲ್ಲೆಯ ಮೇಲೆ ಬೀಳತೊಡಗಿತು, ನೋವು ಮಾತ್ರ ಬೀಳಲಿಲ್ಲ. ಗರಿಯಷ್ಟು ಹಗುರವಾದ ಹೊಸ ಫ್ರೇಮು ತರಿಸಿದರು. ಸೇಬಿನ ಹೋಳು ಅಗಿಯುವಾಗ ದವಡೆ ಸೋತು ನೋಯುತ್ತದೆ, ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ ಎಂದು ಕನ್ನಡಕಮ್ಮ ಹೇಳಿದಾಗ, ಕಡ್ಡಿಯ ಒತ್ತಡ ದವಡೆಗೂ ಇಳಿಯುತ್ತದೆ ಎಂದು ವಿವರಿಸಿದರು. ಮೂವತ್ತೈದು ವರ್ಷದ ಅನುಭವದಿಂದ ಮಾತಾಡುವವರಿಗೆ ಎದುರಾಡುವುದು ಕಷ್ಟ.

ಪಕ್ಕದ ಮನೆಯ ಟೈಲರಮ್ಮ ಒಂದು ದಿನ, “ತಲೆನೋವಿಗೇ ಅಂತ ಒಬ್ಬರು ಡಾಕ್ಟರಮ್ಮ ಇದ್ದಾರಂತೆ, ದೊಡ್ಡಾಸ್ಪತ್ರೇಲಿ. ಒಂದು ಸಲ ತೋರಿಸ್ಬಾರ್ದಾ ಅಕ್ಕಾ?” ಎಂದಳು.

“ಹಳೇ ತಲೆನೋವಿಗೆ ಹೊಸ ಡಾಕ್ಟರು ಯಾಕೆ?” ಎಂದಳು ಕನ್ನಡಕಮ್ಮ. ಐವತ್ತು ವರ್ಷ ತಲೆನೋವು ಸಾಕಿದವಳಿಗೆ ಅದರ ಬಗ್ಗೆ ಇನ್ನೊಬ್ಬರು ಹೇಳುವುದೇನಿದೆ ಎಂಬ ಜಂಬವೂ ಆ ಮಾತಿನಲ್ಲಿತ್ತು. ಔಷಧಿ ಅಂಗಡಿಯ ಮಾತ್ರೆ ನುಂಗಿ ಮತ್ತೆ ಗಾಜು ಒರೆಸಲು ಕೂತಳು.

ಅದಾದ ಮೇಲೊಂದು ಬೆಳಿಗ್ಗೆ ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದಾಗ ಬಲಗಣ್ಣಿನ ಮೇಲೆ ಬೂದುಬಣ್ಣದ್ದೇನೋ ಇಳಿದು, ಗಿರಾಕಿಯ ಅರ್ಧ ಮುಖ ಕಾಣೆಯಾಯಿತು. ಒಂದೆರಡು ನಿಮಿಷ ಇದ್ದು ಸರಿಹೋಯಿತು. ಕನ್ನಡಕಮ್ಮ ಕನ್ನಡಕ ತೆಗೆದು ಒರೆಸಿದಳು. ಎರಡನೆಯ ಸಲ ಹಾಗಾದಾಗ ಸೋಪು ಹಾಕಿ ತೊಳೆದಳು. ಆಯುಷ್ಯವೆಲ್ಲ ಗಾಜು ಒರೆಸಿದವಳಿಗೆ ಮಂಜಾದದ್ದು ಗಾಜಲ್ಲದೆ ಬೇರೇನಾದರೂ ಇರಬಹುದು ಎಂದು ಹೊಳೆಯಲಿಲ್ಲ.

ಕೊನೆಗೆ ಕಣತಲೆಯ ನೋವು ತಡೆಯಲಾರದೆ ಅವಳು ಮಾಡಬಾರದ ಕೆಲಸವೊಂದನ್ನು ಮಾಡಿದಳು. ಯಜಮಾನರು ಫ್ರೇಮು ತರಲು ಸಗಟು ವ್ಯಾಪಾರಿಯ ಹತ್ತಿರ ಹೋದಾಗ ರಸ್ತೆ ದಾಟಿ ಎದುರಂಗಡಿಗೆ ಹೋದಳು. ಎದುರಂಗಡಿಯೂ ಕನ್ನಡಕದ್ದೇ. ಎರಡೂ ಅಂಗಡಿಯವರು ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದರು. ಕಾರಣ ಇಬ್ಬರಿಗೂ ಮರೆತುಹೋಗಿದ್ದರಿಂದ ರಾಜಿಯಾಗುವ ದಾರಿಯೂ ಇರಲಿಲ್ಲ. ಕನ್ನಡಕಮ್ಮ ಒಳಗೆ ಕಾಲಿಟ್ಟಾಗ ಎದುರಂಗಡಿಯವರು ಎದ್ದು ನಿಂತರು. ಸಾವೇನಾದರೂ ಆಗಿದೆಯೇ ಎಂದು ಅವರಿಗೆ ಭಯವಾಯಿತು.

“ಈ ಕಡ್ಡಿ ಸ್ವಲ್ಪ ಸರಿ ಮಾಡ್ಕೊಡ್ತೀರಾ? ನಮ್ಮೋರಿಗೆ ಹೇಳ್ಬೇಡಿ,” ಎಂದಳು.

“ಅವರ ಹತ್ರ ಮಾತಾಡಿದ್ರೆ ತಾನೇ ಹೇಳೋದು,” ಎಂದು ಅವರು ಕನ್ನಡಕ ಇಸಿದುಕೊಂಡರು. ಕಡ್ಡಿ ನೋಡಿದರು. ಕಡ್ಡಿಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಎದುರಾಳಿಯ ಕೆಲಸದಲ್ಲಿ ಏನೋ ಒಂದು ಕುಂದು ಇರಲೇಬೇಕು ಎಂದು ಗಾಜಿನ ಪವರು ನೋಡುವ ಯಂತ್ರಕ್ಕೆ ಇಟ್ಟರು. ಕಣ್ಣಿಟ್ಟು ನೋಡಿದರು, ತಿರುಗಿಸಿ ನೋಡಿದರು, ಯಂತ್ರವನ್ನೇ ಒಂದು ಸಲ ತಟ್ಟಿ ನೋಡಿದರು.

“ಅಮ್ಮಾವ್ರೇ, ಇದು ದೂರದ್ದಾ, ಓದೋದಾ?”

“ದೂರದ್ದು. ಓದೋದು ಬೇರೆ ಇದೆ, ಮನೇಲಿ. ಇದು ತಲೆನೋವಿಂದು.”

“ಇದರಲ್ಲಿ ಪವರ್ ಇಲ್ವಲ್ಲ.”

“ಕಮ್ಮಿ ಇದೆಯಾ?”

“ಕಮ್ಮಿ ಅಲ್ಲಮ್ಮಾ. ಇಲ್ಲವೇ ಇಲ್ಲ. ಇದು ಸಾದಾ ಗಾಜು.”

ಕನ್ನಡಕಮ್ಮ ರಸ್ತೆ ದಾಟಿ ಮನೆಗೆ ಹೋಗಿ, ಕಪಾಟಿನ ಕೆಳಗಿನ ಖಾನೆ ಎಳೆದು, ಅದರಲ್ಲಿದ್ದ ಹಳೆಯ ಕನ್ನಡಕಗಳನ್ನೆಲ್ಲ ಕೈಚೀಲಕ್ಕೆ ಸುರಿದುಕೊಂಡು ವಾಪಸು ಬಂದಳು. ಎದುರಂಗಡಿಯವರು ಒಂದೊಂದನ್ನೇ ಯಂತ್ರಕ್ಕೆ ಇಟ್ಟರು. ಕಪ್ಪು ಫ್ರೇಮು, ಸಾದಾ. ಕಂದು, ಸಾದಾ. ತಂತಿಯದು, ಸಾದಾ. ಮೊದಮೊದಲು ಅವರ ಮುಖದಲ್ಲಿ ಹಬ್ಬದ ಕಳೆ ಬಂದಿತ್ತು. ವೈರಿಯ ಮೋಸವನ್ನು ವೈರಿಯ ಹೆಂಡತಿಯೇ ಚೀಲದಲ್ಲಿ ಹೊತ್ತು ತಂದುಕೊಡುವ ಭಾಗ್ಯ ಯಾರಿಗಿದೆ? ಆದರೆ ಚೀಲ ಅರ್ಧ ಖಾಲಿಯಾಗುವ ಹೊತ್ತಿಗೆ ಅವರ ದನಿ ಇಳಿದುಹೋಯಿತು.

“ಗಾಜು ಮಾತ್ರ ಒಳ್ಳೇದಮ್ಮ,” ಎಂದರು ಕೊನೆಗೆ, ಕಷ್ಟಪಟ್ಟು. “ಎಲ್ಲಾ ಒಂದನೇ ದರ್ಜೆ ಗಾಜು. ನನ್ನ ಹೆಂಡ್ತಿಗೂ ನಾನು ಇಂಥಾದ್ದು ಹಾಕಿಲ್ಲ.”

ಮನೆಗೆ ಬಂದು ಕನ್ನಡಕಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಮೊದಲು ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಮೂಗಿನ ಮೇಲೆ ಕಿಟಕಿಯ ಗಾಜು ಹೊತ್ತು ತಿರುಗಿದೆನಲ್ಲ ಎಂದು ಮೈ ಉರಿಯಿತು. ಗಂಡ ಬರಲಿ, ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡಳು. ಆಮೇಲೆ, ಅಷ್ಟೂ ಸಲ ‘ಹೋಯ್ತು’ ಎಂದವಳು ತಾನೇ ಎಂಬುದು ನೆನಪಾಗಿ, ಬಿಡಿಸಬೇಕಾದ ಗ್ರಹಚಾರ ಇಬ್ಬರಿಗೂ ಸಮಪಾಲು ಎಂದು ಗೊತ್ತಾಯಿತು. ಸಿಟ್ಟು ಹೋದ ಮೇಲೆ ಬಂದದ್ದು ಭಯ.

ಯಾಕೆಂದರೆ ಅವಳು ಮೊದಲ ಸಲ ಕೂತು ಯೋಚಿಸಿದಳು. ಕನ್ನಡಕಕ್ಕೂ ತಲೆನೋವಿಗೂ ಸಂಬಂಧವೇ ಇರಲಿಲ್ಲವೆಂದರೆ ದೊಡ್ಡಭಾವ ತನ್ನ ಪಾಡಿಗೆ ತಾನು ಬಂದು, ತನ್ನ ಪಾಡಿಗೆ ತಾನು ಹೋಗುತ್ತಿದ್ದ. ಸರಿ. ಹಾಗಾದರೆ ಈಗ ಇರುವವನು ಯಾರು? ಇವನು ಬಂದ ಜಾಗ ಬೇರೆ, ರೀತಿ ಬೇರೆ, ಬಂದವನು ಹೋಗುತ್ತಲೂ ಇಲ್ಲ. ಬಾಚಣಿಗೆ ತಾಕಿದರೆ ನೋವು, ಅಗಿದರೆ ನೋವು. ಕಡ್ಡಿಯಲ್ಲಿ ವೈರಿಗೂ ಒಂದು ತಪ್ಪು ಸಿಕ್ಕಿಲ್ಲ. ಇನ್ನು ಆ ಎರಡು ಸಲ ಕಣ್ಣಿಗೆ ಕವಿದದ್ದು... ತೊಳೆದ ಗಾಜು ಸಾದಾ, ಸ್ವಚ್ಛ, ಒಂದನೇ ದರ್ಜೆಯದು. ಹಳೇ ತಲೆನೋವಿಗೆ ಹೊಸ ಡಾಕ್ಟರು ಯಾಕೆ ಎಂದಿದ್ದಳಲ್ಲ, ಇದು ಹಳೇ ತಲೆನೋವೇ ಅಲ್ಲ.

ಯಜಮಾನರು ಬಂದಾಗ ಅವಳು ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ಮೂಗಿನ ಮೇಲೆ ಏನೂ ಇರಲಿಲ್ಲ.

“ರೀ, ನನ್ನ ಕಣ್ಣು ಹೇಗಿದೆ?”

“ಹೇಗಿದೆ ಅಂದ್ರೆ?”

“ಎದುರಂಗಡಿಗೆ ಹೋಗಿದ್ದೆ. ಚೀಲ ತಗೊಂಡು.”

ಯಜಮಾನರು ಕೈಯಲ್ಲಿದ್ದ ಫ್ರೇಮಿನ ಕಟ್ಟನ್ನು ಕೆಳಗಿಟ್ಟರು. ಇಡಲು ಬಹಳ ಹೊತ್ತು ಹಿಡಿಯಿತು.

“ನಿನ್ನಂಥ ಕಣ್ಣು ಈ ಕುರ್ಚಿ ಮೇಲೆ ಇನ್ನೊಂದು ಕೂತಿಲ್ಲ,” ಎಂದರು. “ಒಂದು ಕೂದಲೆಳೆಯಷ್ಟೂ ದೋಷ ಇರ್ಲಿಲ್ಲ. ಮೊದಲನೇ ದಿನದಿಂದ.”

“ಮತ್ತೆ?”

“ಮತ್ತೇನು ಮಾಡ್ಲಿ? ಮದುವೆಯಾದ ವರ್ಷ ಆ ಕತ್ತಲೆ ಕೋಣೇಲಿ ಬಿದ್ಕೊಂಡು, ಏನಾದ್ರೂ ಮಾಡ್ರೀ ಅಂದೆ. ನಂಗೆ ಬರೋ ಕೆಲಸ ಇದೊಂದೇ. ಮಾಡ್ಕೊಟ್ಟೆ. ನೀನು ಹಾಕ್ಕೊಂಡು, ಹೋಯ್ತು ಅಂದೆ. ನಂಗೇ ಆಶ್ಚರ್ಯ ಆಯ್ತು. ಆಮೇಲೆ ನಿಲ್ಸೋಕೆ ಧೈರ್ಯ ಬರ್ಲಿಲ್ಲ.”

“ಹೋಗಿರ್ಲಿಲ್ಲ ಕಣ್ರೀ. ಒಂದು ಸಲಾನೂ ಹೋಗಿರ್ಲಿಲ್ಲ.”

ಮೂವತ್ತೈದು ವರ್ಷ ಒಬ್ಬರಿಗೊಬ್ಬರು ಇಷ್ಟು ಕಾಳಜಿಯಿಂದ ಟೋಪಿ ಹಾಕಿದ ಗಂಡ ಹೆಂಡಿರು ಹುಡುಕಿದರೂ ಸಿಗಲಿಕ್ಕಿಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಕನ್ನಡಕಮ್ಮ ಉಳಿದದ್ದನ್ನೂ ಹೇಳಿಬಿಟ್ಟಳು: ಬಾಚಣಿಗೆ, ದವಡೆ, ಕೊನೆಗೆ ಬಲಗಣ್ಣಿಗೆ ಇಳಿದ ಬೂದು ಪರದೆ.

ಪರದೆ ಎಂದ ಕೂಡಲೇ ಯಜಮಾನರ ಮುಖದ ಬಣ್ಣ ಇಳಿಯಿತು. ತಲೆನೋವಿನ ವಿಚಾರದಲ್ಲಿ ಅವರು ಎಷ್ಟೇ ದಡ್ಡರಾಗಿರಲಿ, ನೋಡುತ್ತಾ ನೋಡುತ್ತಾ ಕಣ್ಣು ಕತ್ತಲಾಗುವುದು ಕನ್ನಡಕದ ಕೈಯಲ್ಲಿ ಆಗುವ ಕೆಲಸವಲ್ಲ ಎಂಬುದು ಗೊತ್ತಿತ್ತು. ಅಂಥ ಗಿರಾಕಿಗಳನ್ನು ಅವರು ಕುರ್ಚಿಯಲ್ಲಿ ಕೂರಿಸುತ್ತಲೂ ಇರಲಿಲ್ಲ, ನೇರ ಆಸ್ಪತ್ರೆಗೆ ಅಟ್ಟುತ್ತಿದ್ದರು.

“ಎಷ್ಟು ಸಲ? ಯಾಕೇ ಹೇಳ್ಲಿಲ್ಲ?”

“ಗಾಜು ಕೊಳೆ ಅಂದ್ಕೊಂಡೆ.”

ಯಜಮಾನರು ಹಾಡುಹಗಲಲ್ಲಿ, ಒಬ್ಬ ಗಿರಾಕಿ ಮೆಟ್ಟಿಲು ಹತ್ತುತ್ತಿದ್ದಂತೆಯೇ, ಅವನ ಮೂಗಿನ ಮುಂದೆ ಅಂಗಡಿಯ ಶಟರು ಎಳೆದರು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನಡುವಯಸ್ಸಿನವರು, ಮಾತು ಕಮ್ಮಿ. ತಲೆನೋವಿನ ಬಗ್ಗೆ ಕೇಳಿದಾಗ ಯಜಮಾನರು ಅಭ್ಯಾಸಬಲದಿಂದ, “ಮೊದಲಿಂದ ಹೇಳ್ಬೇಕು ಅಂದ್ರೆ,” ಎಂದು ಶುರುಮಾಡಿದರು.

“ತಲೆ ಯಾರದು?” ಎಂದರು ಡಾಕ್ಟರಮ್ಮ.

ಕನ್ನಡಕಮ್ಮ ಹೇಳಿದಳು. ಡಾಕ್ಟರಮ್ಮ ಅವಳ ಬಲಗಡೆಯ ಕಣತಲೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಸವರಿ, ಒಂದು ಕಡೆ ನಿಲ್ಲಿಸಿದರು. ಅಲ್ಲಿ ಚರ್ಮದಡಿ ನರವೊಂದು ದಾರದ ಹಾಗೆ ಗಟ್ಟಿಯಾಗಿ ಎದ್ದಿತ್ತು. ಯಜಮಾನರು ಕಡ್ಡಿ ಬಾಗಿಸುವಾಗಲೆಲ್ಲ ಅದರ ಮೇಲೇ ಬೆರಳಿಟ್ಟಿದ್ದರು.

“ಹಳೇದು ಬೇರೆ, ಅದು ಮೈಗ್ರೇನ್. ಇದು ಬೇರೆ. ರಕ್ತನಾಳ ಊದ್ಕೊಂಡಿರೋ ಹಾಗಿದೆ. ಕಣ್ಣಿಗೆ ರಕ್ತ ಹೋಗೋ ನಾಳಗಳೂ ಇದೇ ಬಳಗ,” ಎಂದರು. “ರಕ್ತ ಪರೀಕ್ಷೆ ಮಾಡಿಸ್ತೀನಿ, ಆದ್ರೆ ರಿಪೋರ್ಟಿಗೆ ಕಾಯಲ್ಲ. ಔಷಧಿ ಇವತ್ತೇ ಶುರು. ಕಣ್ಣಿಗೆ ಏಟಾಗಿಲ್ಲ ಅಂದ್ರೆ ಮಾತ್ರೆ ಸಾಕು, ಮನೆಗೆ ಹೋಗ್ಬಹುದು. ಆಗಿದ್ರೆ ಒಳಗೆ ಸೇರಿಸಿ ಡ್ರಿಪ್ಪಿನಲ್ಲೇ ಕೊಡ್ಬೇಕು. ಮೊದ್ಲು ಅಕ್ಷರ ಓದಿಸ್ಕೊಂಡು ಬನ್ನಿ.”

ಅಕ್ಷರ ಓದಿಸುವ ಕೋಣೆ ಮೊಗಸಾಲೆಯ ಕೊನೆಯಲ್ಲಿತ್ತು. ಬಿಳಿಕೋಟಿನ ಹುಡುಗಿಯೊಬ್ಬಳು ಕನ್ನಡಕಮ್ಮನ ಎಡಗಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಚಾರ್ಟಿನ ದೀಪ ಹಾಕಿದಳು. ಯಜಮಾನರು ಬಾಗಿಲಲ್ಲಿ ನಿಂತರು. ಮೈಯೆಲ್ಲ ಕಿವಿಯಾಗಿತ್ತು.

ಕನ್ನಡಕಮ್ಮ ಮೇಲಿನ ದೊಡ್ಡಕ್ಷರ ಓದಿದಳು. ಎರಡನೆಯ ಸಾಲು ಓದಿದಳು. ಹಾಗೆ ಓದುತ್ತಾ, ಎಲ್ಲೂ ತಡವರಿಸದೆ, ಇರುವೆಯಷ್ಟು ಸಣ್ಣದಾದ ಕೊನೆಯ ಸಾಲನ್ನೂ ಓದಿ ಮುಗಿಸಿದಳು.

“ವೆರಿ ಗುಡ್,” ಎಂದು ಹುಡುಗಿ ಬರೆದುಕೊಂಡಳು. “ಕಣ್ಣು ಚೆನ್ನಾಗಿದೆ ಆಂಟಿ. ಮನೆಗೆ ಹೋಗ್ಬಹುದು.”

ಯಜಮಾನರಿಗೆ ಉಸಿರು ಬಂತು. ಬಂದ ಉಸಿರು ಅರ್ಧದಲ್ಲೇ ನಿಂತಿತು. ಅವರು ಚಾರ್ಟಿನ ಕಡೆ ನೋಡಿದರು. ತಮ್ಮ ಅಂಗಡಿಯ ಗೋಡೆಯಲ್ಲಿ ಇರುವುದೂ ಅದೇ ಚಾರ್ಟು. ಅಕ್ಷರಕ್ಕೆ ಅಕ್ಷರ ಅದೇ. ದಿನವೂ ಗಿರಾಕಿಗಳು ಅದನ್ನು ಗಟ್ಟಿಯಾಗಿ ಓದುವುದನ್ನು ಕೇಳುತ್ತಾ ಅವಳು ಗಲ್ಲೆಯ ಹಿಂದೆ ಕೂತಿರುತ್ತಾಳೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಲೆಕೆಳಗಾಗಿ ಒಪ್ಪಿಸುತ್ತಾಳೆ.

“ಲೇ,” ಎಂದರು. “ಕಂಡಿದ್ದು ಓದಿದ್ಯಾ?”

ಕನ್ನಡಕಮ್ಮ ಎಡಗಣ್ಣಿನ ಮೇಲಿನ ಕೈ ತೆಗೆಯಲಿಲ್ಲ. ಬಾಗಿಲಲ್ಲಿ ನಿಂತ ಗಂಡನ ಕಡೆ ಬಲಗಣ್ಣೊಂದರಿಂದಲೇ ತಿರುಗಿ ನೋಡಿದಳು. ಅವರ ಮುಖದ ಮೇಲರ್ಧ ಕಂಡಿತು, ಕೆಳಗರ್ಧ ಮಬ್ಬು; ಈ ಸಲ ಇಳಿದ ಪರದೆ ಎದ್ದು ಹೋಗಿರಲಿಲ್ಲ. ಕಾಣುತ್ತಿದ್ದಷ್ಟು ಮುಖದಲ್ಲೂ ಬೇಡಿಕೆ ತುಂಬಿತ್ತು. ಹೂಂ ಎಂದರೆ ಆ ಮುಖ ಅರಳುತ್ತದೆ, ಸಂಜೆಯೊಳಗೆ ಮನೆ ಸೇರಬಹುದು. ನಾಲಗೆಯ ತುದಿಗೆ ಬಂದೂಬಿಟ್ಟಿತ್ತು.

“ಮೇಲಿನ ಎರಡು ಸಾಲು ಕಂಡಿದ್ದು,” ಎಂದಳು. “ಮಿಕ್ಕಿದ್ದು ಬಾಯಿಪಾಠ.”

ಬಿಳಿಕೋಟಿನ ಹುಡುಗಿ ಪೆನ್ನು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದಳು. ಅಕ್ಷರ ಕಾಣುತ್ತದೆಂದು ಮೋಸ ಮಾಡುವ ರೋಗಿಯನ್ನು ಅವಳು ನೋಡಿರಲಿಲ್ಲ.

“ಬೇರೆ ಚಾರ್ಟ್ ಹಾಕಮ್ಮ,” ಎಂದರು ಯಜಮಾನರು.

ಹುಡುಗಿ ಇನ್ನೊಂದು ಚಾರ್ಟು ಹುಡುಕಿ ತಂದು ತಗುಲಿಸಿದಳು. ಕನ್ನಡಕಮ್ಮ ಮೊದಲ ಸಾಲು ಓದಿದಳು. ಎರಡನೆಯದು ಓದಿದಳು. ಮೂರನೆಯದರಲ್ಲಿ ನಿಂತಳು.

“ಕಾಣ್ತಿಲ್ಲ.”

“ಅಂದಾಜಿಗೆ ಹೇಳಿ ಆಂಟಿ.”

“ಅಂದಾಜು ಬೇಡ,” ಎಂದರು ಯಜಮಾನರು. “ಕಾಣಲ್ಲ ಅಂತಿದ್ದಾಳಲ್ಲ, ಹಾಗೇ ಬರ್ಕೋ.”

ನಾಲ್ಕನೆಯದೂ ಕಾಣಲಿಲ್ಲ, ಐದನೆಯದೂ ಕಾಣಲಿಲ್ಲ. ಒಂದೊಂದು ‘ಇಲ್ಲ’ಕ್ಕೂ ಯಜಮಾನರು ಬಾಗಿಲ ಚೌಕಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಆ ಕಣ್ಣು ಅವರು ಕಂಡ ಕಣ್ಣುಗಳಲ್ಲೆಲ್ಲ ಚೆನ್ನಾಗಿದ್ದ ಕಣ್ಣು. ಅವರು ಅಳುತ್ತಿದ್ದರು. ಅದನ್ನು ಮುಚ್ಚಿಡಲು ಹೋಗಲಿಲ್ಲ.

ಡಾಕ್ಟರಮ್ಮ ಹೊಸ ಚೀಟಿ ನೋಡಿ, ಮಾತ್ರೆಯ ಹೆಸರಿನ ಮೇಲೆ ಗೀಟು ಎಳೆದು, ಆಗಿಂದಾಗಲೇ ಹಾಸಿಗೆ ಹಾಕಿಸಿ ಡ್ರಿಪ್ಪು ಶುರುಮಾಡಿಸಿದರು. “ಬಲಗಣ್ಣಲ್ಲಿ ಹೋಗಿರೋದು ಬರಲಿಕ್ಕಿಲ್ಲ,” ಎಂದರು. “ಉಳಿದಿರೋದು ಉಳಿಯುತ್ತೆ ಅಂತ ನನ್ನ ನಂಬಿಕೆ. ಎಡಗಣ್ಣು ಪೂರ್ತಿ ಇದೆ. ಮೊದಲನೇ ಚೀಟಿ ನಂಬಿ ಮನೆಗೆ ಕಳಿಸಿದ್ರೆ ಈ ಮಾತು ಹೇಳ್ತಿರ್ಲಿಲ್ಲ.” ಹೇಳಿ ಮುಂದಿನ ಹಾಸಿಗೆಗೆ ಹೋದರು.

ಯಜಮಾನರು ಕಬ್ಬಿಣದ ಸ್ಟೂಲು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ಅವರ ಕೈಗೆ ಮಾಡಲು ಕೆಲಸವಿರಲಿಲ್ಲ, ಸುಮ್ಮನೆ ಮೊಣಕಾಲ ಮೇಲೆ ಬಿದ್ದಿತ್ತು. ಕನ್ನಡಕಮ್ಮ ಸೂಜಿ ಚುಚ್ಚಿರದ ಕೈ ಚಾಚಿ ಅದನ್ನು ಹಿಡಿದುಕೊಂಡಳು.

“ಈಗ ಹೇಗಿದೆ?” ಎಂದರು.

“ತುಂಬಾ ನೋಯ್ತಿದೆ ಕಣ್ರೀ,” ಎಂದಳು ಕನ್ನಡಕಮ್ಮ.

ಯಜಮಾನರು ತಲೆಯಾಡಿಸಿ, ಎದ್ದು, ನರ್ಸಿಗೆ ಹೇಳಲು ಹೋದರು.